ಗಾಳಿ ಬೆಳಕಿಗಾಗಿ ಕಟ್ಟಿದ ಆಸ್ಪತ್ರೆಗಳು: ತೆರವು ಮತ್ತು ಮರುಬಳಕೆ

ಪಾರಂಪರಿಕ ಕಟ್ಟಡದ ಮೂಲ ಸ್ವರೂಪವನ್ನು ಕೆಡಿಸದೆ ಅದನ್ನು ಇಂದಿನ ಅಗತ್ಯಕ್ಕೆ ಒಗ್ಗಿಸಿಕೊಳ್ಳುವುದನ್ನು ಹೊಂದಾಣಿಕೆಯ ಮರುಬಳಕೆ ಎನ್ನುತ್ತಾರೆ. ಹಳೆಯ ಆಸ್ಪತ್ರೆಗಳಲ್ಲಿ ಈ ಕೆಲಸಕ್ಕೆ ಕೈಹಾಕುವ ಮೊದಲು, ಅವನ್ನು ಹಾಗೆ ಕಟ್ಟಿದ್ದೇಕೆ, ಮುಂದೆ ಅವು ಬರಿದಾದದ್ದೇಕೆ ಎಂಬುದನ್ನು ತಿಳಿಯಬೇಕಾಗುತ್ತದೆ.

19ನೆಯ ಶತಮಾನದಲ್ಲಿ ಕೆಟ್ಟ ಗಾಳಿಯೇ ರೋಗಮೂಲವೆಂಬ ನಂಬಿಕೆ ಬಲವಾಗಿತ್ತು. ಉದ್ದನೆಯ ವಾರ್ಡುಗಳನ್ನು ಬಿಡಿಬಿಡಿಯಾಗಿ ಕಟ್ಟಿ, ಎದುರುಬದುರಾಗಿ ಎತ್ತರದ ಕಿಟಕಿಗಳನ್ನಿಡುವ ಪೆವಿಲಿಯನ್ ಮಾದರಿ ಈ ನಂಬಿಕೆಯ ಫಲ. 1868ರಲ್ಲಿ ತೆರೆದ ಬೆಂಗಳೂರು ದಂಡಿನ ಬೌರಿಂಗ್ ಆಸ್ಪತ್ರೆಗೆ ಪ್ಯಾರಿಸಿನ ಇಂಥದೇ ಆಸ್ಪತ್ರೆಯೊಂದು ಮಾದರಿಯಾಗಿತ್ತು. ಕ್ಷಯಕ್ಕೆ ಮದ್ದಿಲ್ಲದ ಕಾಲದಲ್ಲಿ ಗಾಳಿ, ವಿಶ್ರಾಂತಿ, ಪುಷ್ಟಿಕರ ಆಹಾರಗಳೇ ಚಿಕಿತ್ಸೆಯಾಗಿದ್ದುದರಿಂದ ಊರಾಚೆಯ ವಿಶಾಲ ಆವರಣಗಳಲ್ಲಿ ಸ್ಯಾನಟೋರಿಯಂಗಳು ಎದ್ದವು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಕ್ಷಯದಿಂದ ತೀರಿಕೊಂಡ ಅವರ ಸಹೋದರಿ ಕೃಷ್ಣಾಜಮ್ಮಣ್ಣಿಯವರ ನೆನಪಿಗೆ ಮೈಸೂರಿನಲ್ಲಿ ಆರಂಭವಾದ ಪ್ರಿನ್ಸೆಸ್ ಕೃಷ್ಣಾಜಮ್ಮಣ್ಣಿ ಟಿಬಿ (ಪಿಕೆಟಿಬಿ) ಸ್ಯಾನಟೋರಿಯಂ ಅವುಗಳಲ್ಲೊಂದು.

ಸ್ಟ್ರೆಪ್ಟೊಮೈಸಿನ್ ಮೊದಲಾದ ಔಷಧಗಳು ಬಂದ ಮೇಲೆ, ಮನೆಯಲ್ಲಿದ್ದುಕೊಂಡೇ ಮಾತ್ರೆ ನುಂಗಿದವರೂ ಸ್ಯಾನಟೋರಿಯಂನಲ್ಲಿದ್ದವರಷ್ಟೇ ಚೆನ್ನಾಗಿ ಗುಣವಾಗುತ್ತಾರೆಂದು 1959ರಲ್ಲಿ ಪ್ರಕಟವಾದ ಮದ್ರಾಸ್ ಅಧ್ಯಯನ ತೋರಿಸಿತು. ಅದೇ ವರ್ಷ ಬೆಂಗಳೂರಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಮನೆ ಚಿಕಿತ್ಸೆಯ ರಾಷ್ಟ್ರೀಯ ಕಾರ್ಯಕ್ರಮಕ್ಕೆ ರೂಪ ಕೊಟ್ಟಿತು. ಸ್ಯಾನಟೋರಿಯಂಗಳನ್ನು ತೆರವುಗೊಳಿಸಿದ ಈ ಚಿಂತನೆಯ ಕೇಂದ್ರವೇ ಮೈಸೂರು ಮಹಾರಾಜರು ಬಿಟ್ಟುಕೊಟ್ಟ ಅವಲಾನ್ ಬಂಗಲೆಯಲ್ಲಿ, ಅಂದರೆ ಮರುಬಳಕೆಯ ಕಟ್ಟಡದಲ್ಲಿ, ನೆಲೆಗೊಂಡಿತು.

ಬರಿದಾದ ತಾಣಗಳು ಆಮೇಲೆ ಬೇರೆ ಬೇರೆ ದಾರಿ ಹಿಡಿದವು. ನೆದರ್ಲೆಂಡ್ಸ್‌ನ ವಜ್ರ ಕಾರ್ಮಿಕರ ಸಂಘ ಕಟ್ಟಿಸಿದ ಝೊನೆಸ್ಟ್ರಾಲ್ ಸ್ಯಾನಟೋರಿಯಂ ಪಾಳುಬಿದ್ದು, ಜೀರ್ಣೋದ್ಧಾರಗೊಂಡು, ಮತ್ತೆ ವೈದ್ಯಕೀಯ ಸೇವೆಗಳಿಗೆ ಎಡೆಯಾಯಿತು. ಮೈಸೂರಿನ ಪಿಕೆಟಿಬಿಯಲ್ಲಿ ಹಳೆಯ ವಾರ್ಡುಗಳಿಗಿಂತ ಆವರಣವೇ ಮರುಬಳಕೆಗೆ ಒದಗಿತು. ಅಲ್ಲಿ ಜಯದೇವ ಹೃದ್ರೋಗ ಆಸ್ಪತ್ರೆ ಎದ್ದಿತು. ಕೋಲಾರದ ಚಿನ್ನದ ಗಣಿ ಪ್ರದೇಶವಾದ ಕೆಜಿಎಫ್‌ನಲ್ಲಿ ಗಣಿ 2001ರಲ್ಲಿ ನಿಂತಾಗ ಬಾಗಿಲು ಹಾಕಿದ್ದ ಬ್ರಿಟಿಷರ ಕಾಲದ ಆಸ್ಪತ್ರೆಯನ್ನು, 2021ರಲ್ಲಿ ಕೋವಿಡ್ ಎರಡನೆಯ ಅಲೆ ಎದ್ದಾಗ ಸ್ವಯಂಸೇವಕರು ಕೆಲವೇ ವಾರಗಳಲ್ಲಿ ಗುಡಿಸಿ ತೊಳೆದು ಹಾಸಿಗೆ ಹಾಕಿದರು.

ಇಂಥ ಕೆಲಸದಲ್ಲಿ ಸೂಕ್ಷ್ಮಗಳೇ ನಿರ್ಣಾಯಕ. ಸುಣ್ಣದ ಗಾರೆಯ ಗೋಡೆಗೆ ಸಿಮೆಂಟ್ ಗಿಲಾವು ಮಾಡಿದರೆ ಒಳಗಿನ ತೇವ ಹೊರಬರಲಾಗದೆ ಇಟ್ಟಿಗೆ ಪುಡಿಯಾಗುತ್ತದೆ. ಹವಾನಿಯಂತ್ರಣಕ್ಕೆಂದು ಮೇಲ್ಗಿಂಡಿಗಳನ್ನು ಮುಚ್ಚಿ ಸುಳ್ಳು ಚಾವಣಿ ಹಾಕಿದರೆ ಕಟ್ಟಡದ ಉಸಿರೇ ಕಟ್ಟುತ್ತದೆ. ಇಂಥ ಹಳೆಯ ವಾರ್ಡುಗಳು ಹೊರರೋಗಿ ಸೇವೆ, ಯೋಗ, ಪುನಶ್ಚೇತನ ಚಿಕಿತ್ಸೆ, ವೃದ್ಧರ ಆರೈಕೆಗಳಿಗೆ ಸಹಜವಾಗಿ ಒದಗುತ್ತವೆ. ಆದರೆ ಕೆಜಿಎಫ್‌ನಲ್ಲಿ ಬಾಗಿಲು ಮುಚ್ಚಿಸಿದ್ದು ಗೋಡೆಗಳ ಬಿರುಕಲ್ಲ, ಆಸ್ಪತ್ರೆಯನ್ನು ಸಾಕುತ್ತಿದ್ದ ಗಣಿ ನಿಂತದ್ದು. ಆದ್ದರಿಂದ ವೈದ್ಯರು, ದಾದಿಯರು ಮತ್ತು ವರ್ಷವರ್ಷದ ಅನುದಾನ ಗೊತ್ತಾದ ಮೇಲೆಯೇ ಗಾರೆ ಕಲಸುವುದು ವಿಹಿತ.