ಮೂಲ, ಪ್ರತಿ ಮತ್ತು ನಮ್ಮೂರ ಕಲ್ಲುಗಳು

ನಮ್ಮ ಶಾಲೆಗೆ ಐವತ್ತು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸಂಚಿಕೆಗೆ ಇತಿಹಾಸದ ಮೇಲೊಂದು ಲೇಖನ ಬರೆದುಕೊಡಬೇಕೆಂದು ಗುರುಗಳು ಹೇಳಿದಾಗ ಸಂತೋಷವೂ ಆಯಿತು, ಅಳುಕೂ ಆಯಿತು. ನಾನು ಓದಿದ್ದು ಬಿ.ಇ., ಮಾಡುತ್ತಿರುವುದು ಸಾಫ್ಟ್‌ವೇರ್ ಕೆಲಸ. ಆದರೂ ಇತಿಹಾಸದ ರುಚಿ ಹತ್ತಿದ್ದು ಇದೇ ಶಾಲೆಯ ಸಮಾಜ ವಿಜ್ಞಾನದ ತರಗತಿಯಲ್ಲಿ. ನನ್ನ ಕಸುಬಿನಲ್ಲಿ ತಪ್ಪದೆ ಮಾಡಬೇಕಾದ ಕೆಲಸವೊಂದಿದೆ: ಪ್ರತಿ ತೆಗೆದಿಡುವುದು. ನಾವು ಅದಕ್ಕೆ ಬ್ಯಾಕಪ್ ಎನ್ನುತ್ತೇವೆ. ಆ ಪ್ರತಿಯ ಕಣ್ಣಿನಿಂದಲೇ ನಮ್ಮ ಭಾಗದ ಇತಿಹಾಸವನ್ನು ನೋಡುವ ಸಣ್ಣ ಪ್ರಯತ್ನವಿದು.

ಮುಧೋಳದ ಮಣ್ಣಿನ ಮಗ, ಬಳೆಗಾರರ ಮನೆಯ ರನ್ನ ನಮಗೆಲ್ಲ ಗೊತ್ತು. ರನ್ನ ಬೆಳಗಲಿ ಎಂದು ಊರಿನ ಹೆಸರಿನಲ್ಲೇ ಅವನಿದ್ದಾನೆ. ಆದರೆ ಹತ್ತನೆಯ ಶತಮಾನದಲ್ಲಿ ರನ್ನ ತನ್ನ ಕೈಯಾರೆ ಬರೆದ ಓಲೆ ಇಂದು ಎಲ್ಲಿಯೂ ಇಲ್ಲ. ನಾವು ಓದುವ ‘ಗದಾಯುದ್ಧ’ ಪ್ರತಿಯ ಪ್ರತಿಯಿಂದ ಬಂದದ್ದು. ಓಲೆಗರಿ ಹುಳ ಹಿಡಿಯುವ ಮೊದಲೇ ಯಾರೋ ಅದನ್ನು ಇನ್ನೊಂದು ಗರಿಗೆ ಇಳಿಸಿದರು, ಅದು ಹಳತಾಗುವಾಗ ಮತ್ತೊಬ್ಬರು ಇಳಿಸಿದರು. ಅವರ ಹೆಸರು ನಮಗೆ ತಿಳಿಯದು. ಅವರು ಬೇಸರಪಟ್ಟಿದ್ದರೆ ರನ್ನ ಬರಿಯ ಹೆಸರಾಗಿ ಉಳಿಯುತ್ತಿದ್ದ, ಇಲ್ಲವೇ ಅದೂ ಉಳಿಯುತ್ತಿರಲಿಲ್ಲ.

ಈ ಕೆಲಸದ ಬೆಲೆ ತಿಳಿದಿದ್ದವಳು ರನ್ನನಿಗೆ ಆಶ್ರಯ ಕೊಟ್ಟ ದಾನಚಿಂತಾಮಣಿ ಅತ್ತಿಮಬ್ಬೆ. ಅವಳ ಆಶ್ರಯದಲ್ಲಿ ರನ್ನ 993ರಲ್ಲಿ ‘ಅಜಿತಪುರಾಣ’ ಬರೆದ. ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಸಿ ಅವಳು ದಾನ ಮಾಡಿದಳೆಂಬುದು ಕನ್ನಡ ಸಾಹಿತ್ಯ ಚರಿತ್ರೆಯ ಪ್ರಸಿದ್ಧ ಸಂಗತಿ. ಅಚ್ಚಿನ ಮನೆ ಇಲ್ಲದ ಕಾಲ. ಸಾವಿರ ಪ್ರತಿ ಎಂದರೆ ಎಷ್ಟು ಕೈಗಳು, ಎಷ್ಟು ತಿಂಗಳು! ಅನ್ನದಾನ, ಗೋದಾನದ ಸಾಲಿನಲ್ಲಿ ಅವಳು ಪ್ರತಿಯನ್ನೂ ಇಟ್ಟಳು.

ಇಷ್ಟಿದ್ದರೂ ಕಲ್ಲಿನ ಶಿಲ್ಪದ, ಶಾಸನದ ವಿಷಯ ಬಂದಾಗ ಪ್ರತಿ ಎಂದರೆ ನಮಗೆ ಸ್ವಲ್ಪ ಸಸಾರ. ‘ಅದು ಡೂಪ್ಲಿಕೇಟ್ ಬಿಡ್ರಿ’ ಎಂದುಬಿಡುತ್ತೇವೆ. ಕೆಲವು ವರ್ಷಗಳ ಹಿಂದೆ ಕಂಪನಿಯ ಕೆಲಸದ ಮೇಲೆ ಇಂಗ್ಲೆಂಡಿನಲ್ಲಿದ್ದಾಗ ಈ ಮಾತು ನನ್ನ ಮನಸ್ಸಿನಲ್ಲೂ ಬಂದಿತ್ತು. ಅಲ್ಲಿಯ ದಕ್ಷಿಣ ಭಾಗದಲ್ಲಿ ಡಾರ್ಚೆಸ್ಟರ್ ಎಂಬ ಊರಿದೆ. ಕಾದಂಬರಿಕಾರ ಥಾಮಸ್ ಹಾರ್ಡಿ ಬಾಳಿದ ಊರು. ಆಗ ಅಲ್ಲೊಂದು ಸಣ್ಣ ಮ್ಯೂಸಿಯಂನಲ್ಲಿ ಚೀನಾದ ಪ್ರಾಚೀನ ಮಣ್ಣಿನ ಸೈನಿಕರ ಪ್ರತಿಕೃತಿಗಳನ್ನು ಇಟ್ಟಿದ್ದರು. ರಜೆಯ ದಿನ ನೋಡಲು ಹೋಗಿದ್ದೆ. ಆಳೆತ್ತರದ ಸೈನಿಕರು, ಒಬ್ಬೊಬ್ಬನದು ಒಂದೊಂದು ಮುಖ, ಒಂದೊಂದು ಬಗೆಯ ತುರುಬು. ನನ್ನ ಪಕ್ಕದಲ್ಲಿ ಶಾಲೆಯ ಮಕ್ಕಳು ಕುಳಿತು ಅವುಗಳ ಚಿತ್ರ ಬರೆಯುತ್ತಿದ್ದರು. ಮೂಲವೋ ಪ್ರತಿಯೋ ಎಂಬ ಚಿಂತೆ ಅವರಿಗಿರಲಿಲ್ಲ. ಚೀನಾಕ್ಕೆ ಹೋಗಲಾಗದ ಮಗುವಿಗೆ ಆ ಸೇನೆ ತನ್ನೂರಿನಲ್ಲೇ ಸಿಕ್ಕಿತ್ತು.

ಆ ಸೈನಿಕರ ಕಥೆ ನಮ್ಮ ರೈತರಿಗೆ ಹತ್ತಿರದ್ದು. 1974ರ ಮಾರ್ಚ್‌ನಲ್ಲಿ ಚೀನಾದ ಶಿಆನ್ ನಗರದ ಹತ್ತಿರ ರೈತರು ಬಾವಿ ತೋಡುತ್ತಿದ್ದರು. ನೀರಿಗಿಂತ ಮೊದಲು ಮಣ್ಣಿನ ತುಂಡುಗಳು ಸಿಕ್ಕವು. ಅಗೆಯುತ್ತ ಹೋದಂತೆ ಒಂದು ಸೇನೆಯೇ ಎದ್ದು ನಿಂತಿತು. ಕ್ರಿ.ಪೂ. 221ರಲ್ಲಿ ಚೀನಾವನ್ನು ಒಂದುಗೂಡಿಸಿದ ಚಕ್ರವರ್ತಿ ಚಿನ್ ಶಿ ಹುವಾಂಗ್ ತನ್ನ ಸಮಾಧಿಯ ಕಾವಲಿಗೆ ಮಾಡಿಸಿದ ಸೇನೆಯದು. ಸುಮಾರು 8000 ಮೂರ್ತಿಗಳಿರಬಹುದೆಂದು ಅಂದಾಜು. ಕೈಕಾಲುಗಳನ್ನು ಅಚ್ಚಿನಲ್ಲಿ ತೆಗೆದು, ಮುಖಗಳನ್ನು ಕೈಯಿಂದ ತಿದ್ದಿ, ಸುಟ್ಟು, ಬಣ್ಣ ಬಳಿದಿದ್ದರು. ಅಂದರೆ ಆ ಮೂಲವೂ ಅರ್ಧ ಅಚ್ಚಿನ ಕೆಲಸವೇ!

ಎರಡು ಸಾವಿರ ವರ್ಷ ಮಣ್ಣಿನಲ್ಲಿ ಉಳಿದಿದ್ದ ಆ ಬಣ್ಣ ಹೊರಗಿನ ಗಾಳಿ ತಾಗಿದೊಡನೆ ಒಣಗಿ, ಕೆಲವೇ ನಿಮಿಷಗಳಲ್ಲಿ ಸುರುಳಿಯಾಗಿ ಉದುರತೊಡಗಿತು. ಆದ್ದರಿಂದ ಬಹಳಷ್ಟು ಭಾಗವನ್ನು ಇನ್ನೂ ಅಗೆಯದೆ ಬಿಟ್ಟಿದ್ದಾರೆ. ಅಲ್ಲಿಯೇ 1980ರಲ್ಲಿ ಸಿಕ್ಕ ಕಂಚಿನ ರಥವು ಚೀನಾ ಸರಕಾರ 2002ರಲ್ಲಿ ಮಾಡಿದ ಒಂದು ಪಟ್ಟಿಯಲ್ಲಿದೆ. ಆ ಪಟ್ಟಿಯ 64 ವಸ್ತುಗಳನ್ನು ಪ್ರದರ್ಶನಕ್ಕೆಂದು ದೇಶದ ಹೊರಗೆ ಕಳಿಸುವಂತಿಲ್ಲ. ಹೊರಗಿನವರು ನೋಡಬೇಕೆಂದರೆ ಪ್ರತಿಕೃತಿಯೇ ಗತಿ. ಮೂಲವು ತನ್ನ ಜಾಗದಲ್ಲಿ ಸುರಕ್ಷಿತವಾಗಿರಲೆಂದು ಪ್ರತಿಯು ಊರೂರು ತಿರುಗುತ್ತದೆ.

ಚೀನಾಕ್ಕೂ ನಮ್ಮ ಜಿಲ್ಲೆಗೂ ಹಳೆಯ ನಂಟಿದೆ. ಐಹೊಳೆಯ ಮೇಗುತಿ ಗುಡಿಯಲ್ಲಿ 634ರಲ್ಲಿ ರವಿಕೀರ್ತಿ ಇಮ್ಮಡಿ ಪುಲಕೇಶಿಯ ಸಾಹಸಗಳನ್ನು ಕಲ್ಲಿನ ಮೇಲೆ ಬರೆಸಿದ. ಕೆಲವೇ ವರ್ಷಗಳ ನಂತರ ಆ ಪುಲಕೇಶಿಯ ರಾಜ್ಯಕ್ಕೆ ಬಂದ ಚೀನಾದ ಯಾತ್ರಿಕ ಹ್ಯೂಯೆನ್ ತ್ಸಾಂಗ್, ಹರ್ಷನಿಗೂ ಮಣಿಯದ ಇಲ್ಲಿಯ ಜನರ ಬಗ್ಗೆ ಬರೆದ. ಅವನು 645ರಲ್ಲಿ ತಾಯ್ನಾಡಿಗೆ ಮರಳುವಾಗ 657 ಗ್ರಂಥಗಳನ್ನು ಒಯ್ದನೆಂದು ಹೇಳುತ್ತಾರೆ. ಭಾರತದಲ್ಲಿ ಮೂಲ ಕಳೆದುಹೋದ ಎಷ್ಟೋ ಬೌದ್ಧ ಗ್ರಂಥಗಳು ಇಂದು ಚೀನೀ ಅನುವಾದದಲ್ಲಿ ಮಾತ್ರ ಸಿಗುತ್ತವೆ.

ಕರ್ನಾಟಕದಲ್ಲೂ ಇಂಥ ಉದಾಹರಣೆ ಇದೆ. ಬೇಲೂರು ತಾಲೂಕಿನ ಹಲ್ಮಿಡಿಯಲ್ಲಿ 1936ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದ ಶಾಸನ, ಸುಮಾರು ಕ್ರಿ.ಶ. 450ರದು, ನಮ್ಮ ಪಠ್ಯಪುಸ್ತಕದಲ್ಲಿತ್ತು. ಮೂಲ ಕಲ್ಲು ಮೈಸೂರಿನಲ್ಲಿ ಪುರಾತತ್ವ ಇಲಾಖೆಯ ಕಚೇರಿಯಲ್ಲಿದೆ. ಊರಿನಲ್ಲಿ ಮಂಟಪ ಕಟ್ಟಿ ಫೈಬರ್‌ಗ್ಲಾಸ್ ಪ್ರತಿಕೃತಿ ನಿಲ್ಲಿಸಿದ್ದಾರೆ. ಹಲ್ಮಿಡಿಯ ಮಗು ‘ಇದು ನಮ್ಮೂರ ಶಾಸನ’ ಎಂದು ಕೈ ಮಾಡಿ ತೋರಿಸಬಹುದು.

ಇನ್ನು ನಮ್ಮ ಮನೆಯ ಮಾತಿಗೆ ಬರೋಣ. ನಮ್ಮ ಕೃಷ್ಣೆಯೇ ಹರಿದು ಹೋಗುವ ನಾಗಾರ್ಜುನಸಾಗರದಲ್ಲಿ ಅಣೆಕಟ್ಟು ಕಟ್ಟುವಾಗ ನಾಗಾರ್ಜುನಕೊಂಡ ಎಂಬ ಪ್ರಾಚೀನ ಬೌದ್ಧ ಕ್ಷೇತ್ರ ಮುಳುಗಡೆಯಾಗುವುದಿತ್ತು. 1954ರಿಂದ 1960ರವರೆಗೆ ಅಲ್ಲಿ ಉತ್ಖನನ ನಡೆಯಿತು. ಒಂಬತ್ತು ಸ್ಮಾರಕಗಳನ್ನು ಬಿಚ್ಚಿ ಎತ್ತರದ ಜಾಗದಲ್ಲಿ ಮತ್ತೆ ಕಟ್ಟಿದರು. ಸಾಗಿಸಲಾಗದ ಹದಿನಾಲ್ಕರ ಪ್ರತಿಕೃತಿ ಮಾಡಿದರು. ಶ್ರೀಶೈಲ ಯೋಜನೆಯ ಕಾಲಕ್ಕೆ ಚಾಲುಕ್ಯ ಶೈಲಿಯ ಸಂಗಮೇಶ್ವರ ಗುಡಿಯನ್ನು ಕಲ್ಲು ಕಲ್ಲು ಬಿಚ್ಚಿ ಆಲಂಪುರಕ್ಕೆ ತಂದರು.

ಅದೇ ಕೃಷ್ಣೆಯ ದಂಡೆಯವರು ನಾವು. ಆಲಮಟ್ಟಿಯ ಹಿನ್ನೀರು ಏನೆಂದು ಬೀಳಗಿ, ಜಮಖಂಡಿ ತಾಲೂಕಿನವರಿಗೆ, ಹಳೆ ಬಾಗಲಕೋಟೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಎತ್ತರಿಸಿದರೆ ಇನ್ನೂ ಹಲವು ಊರುಗಳು ನೀರಿಗೆ ಹೋಗುತ್ತವೆ. ಮನೆಗೆ, ಹೊಲಕ್ಕೆ, ಗಿಡಕ್ಕೆ, ಬಾವಿಗೆ ಪರಿಹಾರದ ಲೆಕ್ಕ ಇರುತ್ತದೆ. ಅಗಸಿಯ ಮುಂದಿನ ವೀರಗಲ್ಲಿಗೆ ಯಾರ ಹೆಸರಿನ ಉತಾರವೂ ಇಲ್ಲ. ಅದರ ಪರವಾಗಿ ಅರ್ಜಿ ಕೊಡುವವರು ಯಾರು?

ಮುಳುಗಡೆಯಿಲ್ಲದ ಊರಿನಲ್ಲೂ ಕಲ್ಲುಗಳು ಕ್ಷೇಮವಾಗಿಲ್ಲ. ರಸ್ತೆ ಅಗಲವಾಗುತ್ತದೆ, ಗುಡಿಯ ಜೀರ್ಣೋದ್ಧಾರವಾಗುತ್ತದೆ, ಆಯಿಲ್ ಪೇಂಟ್ ಬೀಳುತ್ತದೆ, ಅಕ್ಷರ ಮುಚ್ಚಿಹೋಗುತ್ತದೆ. ಕಳೆದ ಬಾರಿ ಊರಿಗೆ ಬಂದಾಗ ಹಿರಿಯರೊಬ್ಬರನ್ನು ಒಂದು ಕಲ್ಲಿನ ಬಗ್ಗೆ ಕೇಳಿದೆ. ‘ಯಾರಿಗಿ ಗೊತ್ತೋ ತಮ್ಮಾ, ನಮ್ಮ ಮುತ್ಯಾನ ಕಾಲದಿಂದ ಹಿಂಗ ಐತಿ. ನೀವ ಕಲತವ್ರು, ನೀವ ಓದಿ ಹೇಳ್ರಿ’ ಎಂದರು. ಅವರ ಮಾತು ನ್ಯಾಯವಾದದ್ದು.

ಓದಿಸಿದ ಕಲ್ಲುಗಳಿಂದ ಎಷ್ಟು ತಿಳಿಯುತ್ತದೆ ಎನ್ನುವುದಕ್ಕೆ ತೇರದಾಳ ಸಾಕ್ಷಿ. ಅಲ್ಲಿಯ ನೇಮಿನಾಥ ಬಸದಿಯನ್ನು ಮಾಂಡಲಿಕ ಗೊಂಕ ಕಟ್ಟಿಸಿದನೆಂದು ಹನ್ನೆರಡನೆಯ ಶತಮಾನದ ಶಾಸನ ಹೇಳುತ್ತದೆ. ಅದರ ಪಾಠ ನೂರು ವರ್ಷಕ್ಕೂ ಹಿಂದೆಯೇ ಅಚ್ಚಾಗಿದೆ. ಆದ್ದರಿಂದ ನಾಳೆ ಕಲ್ಲಿಗೆ ಏನೇ ಆದರೂ ಗೊಂಕನ ಹೆಸರು ಅಳಿಯುವುದಿಲ್ಲ. ಓದಿಸದೆ ಉಳಿದ ಕಲ್ಲಿಗೆ ಈ ಭಾಗ್ಯವಿಲ್ಲ.

ಹಾಗಾದರೆ ನಾವೇನು ಮಾಡಬಹುದು? ಹಳೆಯ ವಿಧಾನ ಪಡಿಯಚ್ಚು. ಕಲ್ಲನ್ನು ನೀರಿನಿಂದ ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್‌ನಿಂದ ಬಡಿದು, ಮೇಲೆ ಮಸಿ ಒತ್ತಿದರೆ ಕಪ್ಪಿನ ನಡುವೆ ಅಕ್ಷರಗಳು ಬೆಳ್ಳಗೆ ಮೂಡುತ್ತವೆ. ಇದು ಪಳಗಿದ ಕೈಗಳ ಕೆಲಸ. ಸಂರಕ್ಷಿತ ಸ್ಮಾರಕವಾದರೆ ಇಲಾಖೆಯ ಅನುಮತಿಯೂ ಬೇಕು. ಹೊಸ ವಿಧಾನ ಮೂರು ಆಯಾಮದ ಸ್ಕ್ಯಾನಿಂಗ್. ಬೆಂಗಳೂರಿನ ಮಿಥಿಕ್ ಸೊಸೈಟಿ ಅಲ್ಲಿಯ ಶಾಸನಗಳನ್ನು ಹೀಗೆ ಸ್ಕ್ಯಾನ್ ಮಾಡುತ್ತಿದೆ. ಕಣ್ಣಿಗೆ ಕಾಣದಷ್ಟು ಸವೆದ ಅಕ್ಷರವೂ ಗಣಕದ ಪರದೆಯ ಮೇಲೆ ಓದಲು ಬರುತ್ತದೆ.

ಅಂಥ ಯಂತ್ರ ನಮ್ಮಲ್ಲಿಲ್ಲ, ಮೊಬೈಲ್ ಇದೆ. ಕಲ್ಲಿನ ಸುತ್ತ ತಿರುಗುತ್ತ, ಒಂದು ಚಿತ್ರದ ಅರ್ಧಕ್ಕಿಂತ ಹೆಚ್ಚು ಭಾಗ ಮುಂದಿನದರಲ್ಲೂ ಬರುವಂತೆ ಐವತ್ತರಿಂದ ನೂರು ಫೋಟೋ ತೆಗೆದರೆ ಸಾಕು. ಅವುಗಳನ್ನು ಜೋಡಿಸಿ ಮೂರು ಆಯಾಮದ ಮಾದರಿ ಮಾಡುವ ಉಚಿತ ತಂತ್ರಾಂಶಗಳಿವೆ. ಅಕ್ಷರ ಓದಲು ಇಳಿಹೊತ್ತಿನ ಓರೆ ಬಿಸಿಲು, ಇಲ್ಲವೇ ರಾತ್ರಿ ಪಕ್ಕದಿಂದ ಹಿಡಿದ ಬ್ಯಾಟರಿಯ ಬೆಳಕು ಒಳ್ಳೆಯದು. ಕಲ್ಲಿಗೆ ಎಣ್ಣೆ, ಸುಣ್ಣ, ಬಣ್ಣ ಯಾವುದನ್ನೂ ಹಚ್ಚಬಾರದು, ಇದ್ದ ಜಾಗದಿಂದ ಕದಲಿಸಬಾರದು.

ಸುವರ್ಣ ಮಹೋತ್ಸವದ ನೆನಪಿಗೆ ಶಾಲೆಯಲ್ಲಿ ‘ಊರ ಕಲ್ಲುಗಳ ದಾಖಲೆ’ ಎಂಬ ಒಂದು ರಜಿಸ್ಟರ್ ಆರಂಭವಾಗಲಿ ಎಂಬುದು ನನ್ನ ವಿನಂತಿ. ಪ್ರತಿ ವರ್ಷ ಒಂಬತ್ತನೆಯ ತರಗತಿಯ ಮಕ್ಕಳು ತಮ್ಮ ತಮ್ಮ ಊರಿನ ಒಂದೊಂದು ವೀರಗಲ್ಲು, ಮಾಸ್ತಿಗಲ್ಲು, ಶಾಸನದ ಜಾಗ, ಅಳತೆ, ಫೋಟೋ ಮತ್ತು ಅದರ ಬಗ್ಗೆ ಹಿರಿಯರು ಹೇಳುವ ಮಾತನ್ನು ಬರೆದಿಡಲಿ. ಫೋಟೋಗಳಿಂದ ಮಾದರಿ ಮಾಡುವುದು, ಮೂರು ಕಡೆ ಪ್ರತಿ ಕಾಯ್ದಿಡುವುದು, ಓದಬಲ್ಲ ವಿದ್ವಾಂಸರಿಗೂ ಪುರಾತತ್ವ ಇಲಾಖೆಗೂ ತಲುಪಿಸುವುದು, ಈ ಕೆಲಸವನ್ನು ನನ್ನ ಬ್ಯಾಚಿನ ಗೆಳೆಯರು ಮತ್ತು ನಾನು ಹೊತ್ತುಕೊಳ್ಳುತ್ತೇವೆ. ಮೊದಲ ಸರದಿ ನದಿ ದಂಡೆಯ ಊರುಗಳದ್ದಾಗಲಿ. ನೀರು ಕಾಯುವುದಿಲ್ಲ.

ಅತ್ತಿಮಬ್ಬೆ ಸಾವಿರ ಪ್ರತಿ ಮಾಡಿಸಿದಳು. ನಮ್ಮಿಂದ ವರ್ಷಕ್ಕೆ ಹತ್ತಾದರೂ ಆಗಬಾರದೇ?