ಭಾನುವಾರದ ರಜೆ ಬಂದ ದಾರಿ



ಭಾನುವಾರ ತುಸು ತಡವಾಗಿ ಎದ್ದು, ಕಾಫಿ ಕುಡಿಯುತ್ತಾ ರೇಡಿಯೋ ಹಾಕುವ ಸುಖ ನಮಗೆಲ್ಲ ಗೊತ್ತು. ಆದರೆ ಈ ರಜೆ ನಮ್ಮ ದೇಶದ ಗಿರಣಿ ಕಾರ್ಮಿಕರಿಗೆ ಹೇಗೆ ಸಿಕ್ಕಿತು ಎಂಬುದು ನಿಮಗೆ ಗೊತ್ತೇ?

1880ರ ದಶಕದ ಮುಂಬಯಿಯ ಮಾತು. ಬಟ್ಟೆ ಗಿರಣಿಗಳಲ್ಲಿ ಹೊತ್ತು ಮೂಡುವಾಗ ಶುರುವಾದ ಕೆಲಸ ಹೊತ್ತು ಮುಳುಗುವ ತನಕ ನಡೆಯುತ್ತಿತ್ತು. 1881ರ ಕಾರ್ಖಾನೆ ಕಾಯಿದೆ ಏಳು ವರ್ಷದ ಮಗುವನ್ನೂ ದುಡಿಸಲು ಬಿಟ್ಟಿತ್ತು. ಮಕ್ಕಳಿಗೆ ದಿನಕ್ಕೆ ಒಂಬತ್ತು ಗಂಟೆ ಎಂಬ ಮಿತಿ ಹಾಕಿತ್ತು. ದೊಡ್ಡವರಿಗೆ ಯಾವ ಮಿತಿಯೂ ಇರಲಿಲ್ಲ. ಅವರಿಗೆ ವಾರದ ರಜೆ ಕೊಡಬೇಕೆಂಬ ಕಟ್ಟುಪಾಡೂ ಇರಲಿಲ್ಲ.

ಆಗ ಮುಂದೆ ಬಂದವರು ನಾರಾಯಣ ಮೇಘಾಜಿ ಲೋಖಂಡೆ. ಸ್ವತಃ ಗಿರಣಿಯಲ್ಲಿ ಕೆಲಸ ಮಾಡಿದ್ದವರು, ಜ್ಯೋತಿಬಾ ಫುಲೆಯವರ ಅನುಯಾಯಿ, 'ದೀನಬಂಧು' ಪತ್ರಿಕೆಯ ಸಂಪಾದಕರು. 1884ರಲ್ಲಿ ಅವರು ಕಾರ್ಮಿಕರ ಸಭೆ ಸೇರಿಸಿ, 5,500 ಮಂದಿಯ ಸಹಿಯಿದ್ದ ಮನವಿಯನ್ನು ಸರ್ಕಾರದ ಆಯೋಗಕ್ಕೆ ಕೊಟ್ಟರು. ಅದರಲ್ಲಿ ಕೇಳಿದ್ದೇನು? ಭಾನುವಾರ ಪೂರ್ತಿ ರಜೆ, ಮಧ್ಯಾಹ್ನ ಅರ್ಧ ಗಂಟೆ ಬಿಡುವು, ಹೊತ್ತಿಗೆ ಸರಿಯಾಗಿ ಸಂಬಳ. ಜೊತೆಗೆ, ಕೆಲಸದಲ್ಲಿ ಪೆಟ್ಟಾದವನಿಗೆ ವಾಸಿಯಾಗುವವರೆಗೆ ಸಂಬಳ, ಅಂಗವಿಕಲನಾದರೆ ಬದುಕಲು ಒಂದಿಷ್ಟು ಆಧಾರ.

ಉತ್ತರಕ್ಕಾಗಿ ಆರು ವರ್ಷ ಕಾಯಬೇಕಾಯಿತು. 1890ರ ಏಪ್ರಿಲ್ 24ರಂದು ಸುಮಾರು ಹತ್ತು ಸಾವಿರ ಕಾರ್ಮಿಕರು ಮತ್ತೆ ಸೇರಿದರು. ಅಂದು ಇಬ್ಬರು ಹೆಂಗಸರೂ ಎದ್ದು ನಿಂತು ಮಾತಾಡಿದರು. ಜೂನ್ 10ರಂದು ಗಿರಣಿ ಮಾಲೀಕರು ಭಾನುವಾರದ ರಜೆಗೆ ಒಪ್ಪಿದರು. ಮರುವರ್ಷದ ಕಾಯಿದೆಯಲ್ಲಿ ವಾರದ ರಜೆ ಸೇರಿತು.

1897ರಲ್ಲಿ ಮುಂಬಯಿಯಲ್ಲಿ ಪ್ಲೇಗ್ ಹರಡಿದ್ದಾಗ ರೋಗಿಗಳ ಸೇವೆಗೆ ನಿಂತ ಲೋಖಂಡೆ ಅದೇ ರೋಗಕ್ಕೆ ಬಲಿಯಾದರು. 2005ರಲ್ಲಿ ಅಂಚೆ ಇಲಾಖೆ ಅವರ ನೆನಪಿಗೆ ಅಂಚೆಚೀಟಿ ಹೊರತಂದಿತು.

ಇಂದು ದೊಡ್ಡ ಕಂಪನಿಗಳಲ್ಲಿ ನೌಕರರ ಯೋಗಕ್ಷೇಮಕ್ಕೆಂದು ಯೋಗ ತರಗತಿ, ಆಪ್ತಸಲಹೆ, ಆರೋಗ್ಯ ವಿಮೆ ಎಲ್ಲ ಇವೆ. ಒಳ್ಳೆಯದೇ. ಆದರೆ ಯೋಗಕ್ಷೇಮದ ಮೂಲ ಆ ಹಳೆಯ ಮನವಿಯಲ್ಲೇ ಇದೆ: ದಣಿದವರಿಗೆ ವಿಶ್ರಾಂತಿ, ನೊಂದವರಿಗೆ ಆಸರೆ. ಅದನ್ನು ಯಾರೂ ತಾವಾಗಿ ಕೊಡಲಿಲ್ಲ, ದುಡಿಯುವವರೇ ಕೇಳಿ ಪಡೆದರು.

ಕೇಳುವ ಬಲವಿಲ್ಲದವರು ಇಂದಿಗೂ ನಮ್ಮ ನಡುವೆ ಇದ್ದಾರೆ. ಭಾನುವಾರವೇ ಹೆಚ್ಚು ಗಿರಾಕಿ ಬರುವ ಹೋಟೆಲಿನಲ್ಲಿ ತಟ್ಟೆ ಎತ್ತುವ ನಮ್ಮೂರಿನ ಹುಡುಗನಿಗೆ ಯಾವ ದಿನ ರಜೆ? ನಮ್ಮ ಮನೆಗೆಲಸಕ್ಕೆ ಬರುವಾಕೆಗೆ? ಅವರು ಕೇಳುವ ತನಕ ಕಾಯದೆ, ಈ ವಾರ ನಾವೇ ಒಮ್ಮೆ ವಿಚಾರಿಸೋಣ.