ಕಾಮಗಾರಿ ಚಾರ್ಟ್‌ನಲ್ಲಿ ಭಾನುವಾರದ ಲೆಕ್ಕ

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಗೆ ಅಡಿಗಲ್ಲು ಬಿದ್ದದ್ದು 2016ರ ಜನವರಿ 3ರಂದು. ಅಂದು ಭಾನುವಾರ. ಕಾರ್ಖಾನೆ ಉದ್ಘಾಟನೆಯಾದದ್ದು 2023ರ ಫೆಬ್ರುವರಿ 6ರ ಸೋಮವಾರ. ಅಡಿಗಲ್ಲಿನ ದಿನವೂ ಸೇರಿ ಅಷ್ಟರಲ್ಲಿ 371 ಭಾನುವಾರಗಳು ಕಳೆದಿದ್ದವು. ಒಟ್ಟುಗೂಡಿಸಿದರೆ ಒಂದು ವರ್ಷಕ್ಕೂ ಮಿಗಿಲು! ಕೆಲಸದ ಪಟ್ಟಿಯಲ್ಲಿ ಇಂಥ ದಿನಗಳನ್ನು ಹೇಗೆ ಹಿಡಿಯಬೇಕೆಂಬ ಪ್ರಶ್ನೆ ಹಳೆಯದು.

ಪೋಲೆಂಡಿನ ಕರೋಲ್ ಅದಾಮೆಟ್ಸ್ಕಿ 1896ರಲ್ಲೇ ಕೆಲಸಗಳನ್ನು ಕಾಲದ ಗೆರೆಯ ಮೇಲೆ ಜೋಡಿಸಿ ತೋರಿಸಿದ್ದರು. 1910ರ ದಶಕದಲ್ಲಿ ಅಮೆರಿಕದ ಹೆನ್ರಿ ಗಾಂಟ್ ರೂಢಿಗೆ ತಂದ ಪಟ್ಟಿಗೆ ಅವರ ಹೆಸರೇ ನಿಂತಿತು. ಕೈಯಲ್ಲಿ ಗೆರೆ ಎಳೆಯುವವರಿಗೆ ರಜೆ ದೊಡ್ಡ ತೊಡಕಲ್ಲ, ಭಾನುವಾರದ ಮನೆ ಬಿಟ್ಟು ಎಳೆದರಾಯಿತು. ಆದರೆ ಒಂದು ಕೆಲಸ ಜಾರಿದರೆ ಇಡೀ ಹಾಳೆಯನ್ನೇ ಮತ್ತೆ ಬರೆಯಬೇಕು. 1950ರ ದಶಕದ ಕೊನೆಗೆ ಡ್ಯುಪಾಂಟ್ ಕಂಪನಿಯಲ್ಲಿ ರೂಪುಗೊಂಡ ಕ್ರಿಟಿಕಲ್ ಪಾತ್ ವಿಧಾನದಲ್ಲಿ ಕೆಲಸದ ದಿನಗಳಿಗೆ ಕ್ರಮಸಂಖ್ಯೆ ಕೊಟ್ಟು ಲೆಕ್ಕ ಹಾಕಿ, ಆಮೇಲೆ ತಾರೀಖಿಗೆ ಹೊಂದಿಸುವುದು ರೂಢಿಯಾಯಿತು. ಪ್ರೈಮವೆರಾ, ಮೈಕ್ರೋಸಾಫ್ಟ್ ಪ್ರಾಜೆಕ್ಟ್‌ನಂಥ ತಂತ್ರಾಂಶಗಳು ಆ ಹೊಂದಾಣಿಕೆಯನ್ನು ಕಂಪ್ಯೂಟರಿಗೇ ವಹಿಸಿದವು.

ಆದರೆ ಕಂಪ್ಯೂಟರಿಗೆ ಊರು ಗೊತ್ತಿಲ್ಲ. ಮೈಕ್ರೋಸಾಫ್ಟ್ ಪ್ರಾಜೆಕ್ಟಿನ ಮೂಲ ಕ್ಯಾಲೆಂಡರಿನಲ್ಲಿ ಸೋಮವಾರದಿಂದ ಶುಕ್ರವಾರದವರೆಗೆ ಕೆಲಸ. ಹಬ್ಬ ಒಂದೂ ಇಲ್ಲ. 2025ರ ಅಕ್ಟೋಬರ್ ತಿಂಗಳನ್ನೇ ನೋಡಿ. ಈ ಕ್ಯಾಲೆಂಡರಿನ ಪ್ರಕಾರ 23 ಕೆಲಸದ ದಿನ. ರಾಜ್ಯ ಸರ್ಕಾರಿ ಕಚೇರಿಗೆ ಎರಡು ಮತ್ತು ನಾಲ್ಕನೇ ಶನಿವಾರ ರಜೆ. ಜೊತೆಗೆ ಆಯುಧಪೂಜೆ, ಗಾಂಧಿ ಜಯಂತಿಯಂದೇ ಬಂದ ವಿಜಯದಶಮಿ, ವಾಲ್ಮೀಕಿ ಜಯಂತಿ, ನರಕ ಚತುರ್ದಶಿ, ಬಲಿಪಾಡ್ಯಮಿ. ಉಳಿದದ್ದು 20. ಭಾನುವಾರ ಮಾತ್ರ ವಾರದ ರಜೆ ಇರುವ ಸೈಟಿನಲ್ಲಿ ಆಯುಧಪೂಜೆ, ವಿಜಯದಶಮಿ, ಬಲಿಪಾಡ್ಯಮಿಗೆ ಕೆಲಸ ನಿಂತರೆ 24. ಬಿಲ್ಲಿಗೆ ಸಹಿ ಹಾಕುವ ಕಚೇರಿಯದೊಂದು ಲೆಕ್ಕ, ಗಾರೆ ಕಲೆಸುವವರದು ಇನ್ನೊಂದು. ಎರಡನ್ನೂ ಒಂದೇ ಕ್ಯಾಲೆಂಡರಿಗೆ ಕಟ್ಟಿದ ಚಾರ್ಟ್ ಮೊದಲ ತಿಂಗಳಲ್ಲೇ ಸುಳ್ಳಾಗುತ್ತದೆ.

ಕಾಂಕ್ರೀಟಿಗಂತೂ ರಜೆಯೇ ಇಲ್ಲ. ಶನಿವಾರ ಸ್ಲ್ಯಾಬ್ ಹಾಕಿದರೆ ಭಾನುವಾರವೂ ಪಾತಿ ಕಟ್ಟಿ ನೀರು ನಿಲ್ಲಿಸಬೇಕು. ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಕನಿಷ್ಠ 7 ದಿನ ಕ್ಯೂರಿಂಗ್ ಬೇಕೆನ್ನುತ್ತದೆ ಐಎಸ್ 456. ಈ ಏಳು ದಿನವನ್ನು ಐದು ದಿನದ ವಾರಕ್ಕೆ ಹೊಂದಿಸಿದರೆ ಚಾರ್ಟ್‌ನಲ್ಲಿ ಅದು ಕನಿಷ್ಠ 9 ದಿನಕ್ಕೆ ಹಿಗ್ಗುತ್ತದೆ. ಇಂಥ ಕೆಲಸಕ್ಕೆಂದೇ ರಜೆ ಕಳೆಯದೆ ಎಣಿಸುವ ‘ಎಲಾಪ್ಸ್ಡ್ ಡೇ’ ಎಂಬ ಅಳತೆ ತಂತ್ರಾಂಶದಲ್ಲಿದೆ. ಅದನ್ನು ಬಳಸುವುದನ್ನು ಹೊಸಬರಿಗೆ ಮೊದಲ ದಿನವೇ ಕಲಿಸಬೇಕು.

ಯುಗಾದಿಯ ಮಾರನೆಯ ವರ್ಷತೊಡಕು ಸರ್ಕಾರಿ ರಜಾಪಟ್ಟಿಯಲ್ಲಿಲ್ಲ. ಆ ದಿನ ಸೆಂಟ್ರಿಂಗ್‌ನವರನ್ನು ಕರೆದು ನೋಡಿ! ಗುಬ್ಬಿ ಚನ್ನಬಸವೇಶ್ವರ ಜಾತ್ರೆಯೂ ಶಿವರಾತ್ರಿಯ ಹೊತ್ತಿನ ಸಿದ್ಧಗಂಗೆ ಜಾತ್ರೆಯೂ ಪಂಚಾಂಗದಂತೆ ನಡೆಯುತ್ತವೆ, ಪ್ರತಿ ವರ್ಷ ತಾರೀಖು ಬದಲಾಗುತ್ತದೆ. ತುಮಕೂರು, ಗುಬ್ಬಿ, ಕುಣಿಗಲ್ ಕಡೆ ಕೆಲಸ ಹಿಡಿಯುವ ಎಂಜಿನಿಯರುಗಳು ಚಾರ್ಟ್ ಬಿಡಿಸುವ ಮುನ್ನ ರಜಾಪಟ್ಟಿಯ ಪಕ್ಕದಲ್ಲಿ ಪಂಚಾಂಗ ಇಟ್ಟುಕೊಳ್ಳಲಿ, ಮೇಸ್ತ್ರಿಯನ್ನೂ ಕೂರಿಸಿಕೊಂಡು ಆಳುಗಳು ಬಾರದ ದಿನಗಳನ್ನು ಕೇಳಿ ಬರೆದುಕೊಳ್ಳಲಿ.